ಪಿಎನ್‌ಜಿ ಲೈನಿಗೆ ಕಂಟ್ರೋಲ್ ವಾಲ್ವ್: ಸೈಜ್ ಲೆಕ್ಕ ಹಾಕುವುದು ಹೇಗೆ

ನನ್ನ ಟೇಬಲ್ಲಿಗೆ ಬರುವ ಎನ್‌ಕ್ವೈರಿಗಳಲ್ಲಿ ಬಹಳಷ್ಟು ಒಂದೇ ಸಾಲಿನವು. "ಲೈನ್ 80 ಎಂಎಂ, ಗ್ಯಾಸ್ ಪಿಎನ್‌ಜಿ, ಕಂಟ್ರೋಲ್ ವಾಲ್ವ್ ಒಂದು, ರೇಟ್ ಕಳಿಸಿ." ಪಿಎನ್‌ಜಿ ಅಂದರೆ ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ. ಇಷ್ಟು ಮಾಹಿತಿಯಲ್ಲಿ ವಾಲ್ವಿನ ಸೈಜ್ ಹೇಳಲು ಆಗುವುದಿಲ್ಲ. ಪೈಪಿನ ಸೈಜ್ ಗೊತ್ತಿದ್ದರೆ ವಾಲ್ವಿನ ಸೈಜೂ ಗೊತ್ತಾದ ಹಾಗೆ ಅಂತ ಜನ ಅಂದುಕೊಂಡಿರುತ್ತಾರೆ. ಪೈಪನ್ನು ನಾವು ಆರಿಸುವುದು ಒತ್ತಡ ಕಳೆದುಕೊಳ್ಳದೆ ಗ್ಯಾಸ್ ಸಾಗಿಸಲಿ ಅಂತ. ಹರಿವನ್ನು ಬೇಕಾದಷ್ಟಕ್ಕೆ ಹೊಂದಿಸುವ ಕಂಟ್ರೋಲ್ ವಾಲ್ವ್ ಇರುವುದೇ ಒತ್ತಡ ತಿನ್ನುವುದಕ್ಕೆ. ಎರಡರ ಕೆಲಸವೂ ಬೇರೆ, ಸೈಜೂ ಬೇರೆ.

ನಾನು ಇನ್‌ಸ್ಟ್ರುಮೆಂಟೇಶನ್ ಕಡೆಯ ಇಂಜಿನಿಯರ್. ಬೆಂಗಳೂರಿನ ಸುತ್ತಮುತ್ತ ಬಾಯ್ಲರ್, ಫರ್ನೇಸ್‌ಗಳ ಗ್ಯಾಸ್ ಟ್ರೇನ್, ಅಂದರೆ ಬರ್ನರಿಗೆ ಗ್ಯಾಸ್ ತರುವ ಪೈಪು-ವಾಲ್ವ್‌ಗಳ ಸಾಲು, ಡಿಸೈನ್ ಮಾಡುತ್ತೇನೆ. ಗೇಲ್‌ನ ದಾಭೋಲ್–ಬೆಂಗಳೂರು ಪೈಪ್‌ಲೈನ್ 2013ರಲ್ಲಿ ಬಂದ ಮೇಲೆ ಫರ್ನೇಸ್ ಆಯಿಲ್, ಡೀಸೆಲ್, ಎಲ್‌ಪಿಜಿ ಉರಿಸುತ್ತಿದ್ದ ಕಾರ್ಖಾನೆಗಳು ಒಂದೊಂದಾಗಿ ಪಿಎನ್‌ಜಿಗೆ ಬದಲಾದವು. ಆ ಕೆಲಸಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಲೆಕ್ಕವನ್ನೇ ಇಲ್ಲಿ ಪೂರ್ತಿ ಬಿಡಿಸುತ್ತೇನೆ: ಗಂಟೆಗೆ 10 ಟನ್ ಹಬೆ ಕೊಡುವ ಬಾಯ್ಲರ್, ಪಿಎನ್‌ಜಿ ಬರ್ನರ್, ಅದಕ್ಕೊಂದು ಕಂಟ್ರೋಲ್ ವಾಲ್ವ್. ಕ್ಯಾಲ್ಕುಲೇಟರ್ ಸಾಕು. ವಾಲ್ವ್ ಕಂಪನಿಗಳ ಸಾಫ್ಟ್‌ವೇರ್ ಬೇಡ ಅಂತ ಹೇಳುತ್ತಿಲ್ಲ, ನಾನೂ ಕೊನೆಗೆ ಅದರಲ್ಲೇ ಓಡಿಸುತ್ತೇನೆ. ಆದರೆ ನಾವು ತಪ್ಪು ಅಂಕಿ ಕೊಟ್ಟರೆ ಅದು ತಪ್ಪು ವಾಲ್ವನ್ನೇ ಬಹಳ ನೀಟಾಗಿ ಪ್ರಿಂಟ್ ಮಾಡಿ ಕೊಡುತ್ತದೆ. ಸೂತ್ರ ಸುಲಭ. ಅದರೊಳಗೆ ಹಾಕುವ ಅಂಕಿಗಳನ್ನು ಸರಿಯಾಗಿ ತರುವುದೇ ದೊಡ್ಡ ಕೆಲಸ.

ಗ್ಯಾಸ್ ಎಷ್ಟು ಬೇಕು

ಬಾಯ್ಲರ್ ಮೇಲೆ 10 ಟನ್ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ 'ಎಫ್ ಅಂಡ್ ಎ 100' ಲೆಕ್ಕ. ಅಂದರೆ 100 ಡಿಗ್ರಿ ನೀರನ್ನು 100 ಡಿಗ್ರಿ ಹಬೆ ಮಾಡುವುದಕ್ಕೆ ಬೇಕಾದ ಶಾಖ, ಕೆಜಿಗೆ ಸುಮಾರು 540 ಕಿಲೋ ಕ್ಯಾಲೊರಿ. 10,000 ಕೆಜಿಗೆ 54 ಲಕ್ಷ. ಬಾಯ್ಲರ್ ದಕ್ಷತೆ 90% ಅಂತ ಹಿಡಿದರೆ ಗ್ಯಾಸಿನಿಂದ ಗಂಟೆಗೆ 60 ಲಕ್ಷ ಕಿಲೋ ಕ್ಯಾಲೊರಿ ಬರಬೇಕು. ನಮ್ಮ ಪಿಎನ್‌ಜಿಯ ಎನ್‌ಸಿವಿ, ಅಂದರೆ ನಿವ್ವಳ ಶಾಖ, ಒಂದು ಎಸ್‌ಸಿಎಂಗೆ (ಸ್ಟ್ಯಾಂಡರ್ಡ್ ಘನ ಮೀಟರ್) ಸುಮಾರು 8,500 ಕಿಲೋ ಕ್ಯಾಲೊರಿ. ಭಾಗಿಸಿದರೆ ಗಂಟೆಗೆ 706 ಎಸ್‌ಸಿಎಂ. ಸ್ವಲ್ಪ ಮೇಲಕ್ಕೆ ಎತ್ತಿ 720 ಅಂತ ಇಟ್ಟುಕೊಳ್ಳೋಣ.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಗ್ಯಾಸ್ ಬಿಲ್ ಬರುವುದು ಜಿಸಿವಿ ಮೇಲೆ, ಅಂದರೆ ಒಟ್ಟು ಶಾಖದ ಮೇಲೆ. ಅದು 9,400ರ ಆಸುಪಾಸು ಇರುತ್ತದೆ. ಬಾಯ್ಲರ್ ಕಂಪನಿಯವರು ದಕ್ಷತೆಯನ್ನು ಎನ್‌ಸಿವಿ ಮೇಲೆ ಹೇಳಿದ್ದಾಗ ನೀವು ಬಿಲ್ ನೋಡಿ 9,400ರಿಂದ ಭಾಗಿಸಿದರೆ 638 ಬರುತ್ತದೆ. ಹತ್ತು ಪರ್ಸೆಂಟ್ ಗ್ಯಾಸ್ ಕಾಗದದ ಮೇಲೇ ಮಾಯ! ದಕ್ಷತೆ ಯಾವುದರ ಮೇಲೆ ಹೇಳಿದ್ದಾರೋ ಶಾಖವನ್ನೂ ಅದರ ಮೇಲೇ ಹಿಡಿಯಿರಿ.

ಎಸ್‌ಸಿಎಂ ಅಂದರೆ 15 ಡಿಗ್ರಿ ಸೆಲ್ಸಿಯಸ್, 1.01325 ಬಾರ್‌ನಲ್ಲಿ ಅಳೆದ ಒಂದು ಘನ ಮೀಟರ್. ಯುರೋಪಿನ ಬರ್ನರ್ ಕ್ಯಾಟಲಾಗ್‌ಗಳಲ್ಲಿ ಹೆಚ್ಚಾಗಿ ನಾರ್ಮಲ್ ಘನ ಮೀಟರ್ ಇರುತ್ತದೆ. ಅದು 0 ಡಿಗ್ರಿಯಲ್ಲಿ ಅಳೆದದ್ದು. ಒಂದು ನಾರ್ಮಲ್ ಘನ ಮೀಟರ್ ಅಂದರೆ 1.055 ಎಸ್‌ಸಿಎಂ. ವ್ಯತ್ಯಾಸ ಐದೂವರೆ ಪರ್ಸೆಂಟ್ ಅಷ್ಟೇ. ಆದರೆ ಇಂಥ ಮೂರು ಸಣ್ಣ ವ್ಯತ್ಯಾಸಗಳು ಒಂದೇ ಕಡೆಗೆ ಸೇರಿಕೊಂಡರೆ ವಾಲ್ವಿನ ಸೈಜೇ ಬದಲಾಗುತ್ತದೆ.

ಗರಿಷ್ಠ ಹರಿವು ಒಂದನ್ನೇ ಹಿಡಿದುಕೊಂಡು ವಾಲ್ವ್ ಆರಿಸಬೇಡಿ. ಮೂರು ಅಂಕಿ ಬೇಕೇ ಬೇಕು. ಇಲ್ಲಿ ಗರಿಷ್ಠ 720, ದಿನನಿತ್ಯ ಓಡುವ ಹರಿವು 480, ಕನಿಷ್ಠ 90, ಅಂದರೆ ಬರ್ನರ್‌ನ ಟರ್ನ್‌ಡೌನ್ (ಗರಿಷ್ಠ-ಕನಿಷ್ಠ ಹರಿವಿನ ಅನುಪಾತ) 8ಕ್ಕೆ 1. ಕನಿಷ್ಠ ಹರಿವು ಎಷ್ಟು ಅಂತ ಕೇಳಿದರೆ ಪರ್ಚೇಸ್‌ನವರು "ಅದೆಲ್ಲ ಯಾಕೆ ಸರ್, ಜಾಸ್ತಿ ಎಷ್ಟು ಬೇಕೋ ಅದಕ್ಕೆ ಕೊಡಿ" ಅನ್ನುತ್ತಾರೆ. ಬಿಡಬೇಡಿ. ಬರ್ನರ್ ಸರಬರಾಜು ಮಾಡುವವರ ಹತ್ತಿರ ಈ ಅಂಕಿ ಇದ್ದೇ ಇರುತ್ತದೆ.

ಒತ್ತಡ: ಗೇಜಿನದು ಬೇರೆ, ಲೆಕ್ಕದ್ದು ಬೇರೆ

ಈ ಕಾರ್ಖಾನೆಗೆ ಗ್ಯಾಸ್ ಬರುವುದು ರಸ್ತೆಯ ಹಳದಿ ಪ್ಲಾಸ್ಟಿಕ್ ಪೈಪಿನಿಂದ, 4 ಬಾರ್ ಒಳಗೆ. ಗೇಟಿನ ಹತ್ತಿರ ಮೀಟರ್ ಸ್ಕಿಡ್‌ನಲ್ಲಿರುವ ರೆಗ್ಯುಲೇಟರ್‌ನಿಂದ ಅದನ್ನು 1.5 ಬಾರ್‌ಗೆ ಇಳಿಸಿ ಬಾಯ್ಲರ್ ಹೌಸಿಗೆ ಕೊಡುತ್ತಾರೆ. ವಾಲ್ವಿನ ಒಳಬಾಯಲ್ಲಿ ಗೇಜ್ 1.5 ತೋರಿಸುತ್ತದೆ. ಗ್ಯಾಸ್ ಸೂತ್ರಕ್ಕೆ ಬೇಕಾದದ್ದು ಸಂಪೂರ್ಣ ಒತ್ತಡ. ಅದಕ್ಕೆ ವಾತಾವರಣದ ಒತ್ತಡ ಕೂಡಿಸಬೇಕು.

ಎಷ್ಟು ಕೂಡಿಸಬೇಕು? ಎಲ್ಲರೂ ಕಣ್ಣು ಮುಚ್ಚಿ 1.013 ಕೂಡಿಸುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ, ಇಲ್ಲಿ ವಾತಾವರಣದ ಒತ್ತಡ 0.91 ಬಾರ್. ಹಾಗಾಗಿ ನಮ್ಮ ಒಳ ಒತ್ತಡ 1.5 + 0.91 = 2.41 ಬಾರ್. ಇದರಿಂದ ಉತ್ತರದಲ್ಲಿ ಆಗುವ ಬದಲಾವಣೆ 3% ಮಾತ್ರ ಅಂತ ಒಪ್ಪುತ್ತೇನೆ. ಆದರೆ ವಾತಾವರಣದ ಒತ್ತಡ ಕೂಡಿಸುವುದನ್ನೇ ಮರೆತು 1.5 ಅಂತಲೇ ಸೂತ್ರಕ್ಕೆ ಹಾಕಿದರೆ, ಮುಂದೆ ನೋಡುವಂತೆ 19 ಬರಬೇಕಾದ ಉತ್ತರ 29 ಬರುತ್ತದೆ. ಡೇಟಾ ಶೀಟಿನಲ್ಲಿ ಬರಿ 'ಬಾರ್' ಅಂತ ಬರೆದಿದ್ದರೆ ನಾನು ಫೋನ್ ಮಾಡಿ ಗೇಜಾ, ಸಂಪೂರ್ಣವಾ ಅಂತ ಕೇಳಿಯೇ ಮುಂದಕ್ಕೆ ಹೋಗುವುದು.

ಇನ್ನು ಹೊರ ಒತ್ತಡ. ಇಲ್ಲೇ ಜಾಸ್ತಿ ಜನ ಎಡವುವುದು. 720 ಹರಿಯುವಾಗ ವಾಲ್ವಿನ ಆಚೆ ಬದಿ 0.5 ಬಾರ್ ಗೇಜ್ ಬೇಕು. ಬರ್ನರ್ ತಲೆ, ಶಟ್‌ಆಫ್ ವಾಲ್ವ್‌ಗಳು, ಪೈಪು ಎಲ್ಲದರ ನಷ್ಟ ಸೇರಿ ಅಷ್ಟಾಗುತ್ತದೆ. ಈ 0.5 ಸ್ಥಿರವಾಗಿ ನಿಲ್ಲುವ ಅಂಕಿ ಅಲ್ಲ. ಹರಿವು ಕಡಿಮೆಯಾದರೆ ಬರ್ನರಿಗೆ ಬೇಕಾದ ಒತ್ತಡ ಹೆಚ್ಚುಕಡಿಮೆ ಹರಿವಿನ ವರ್ಗದ ಪ್ರಮಾಣದಲ್ಲಿ ಬೀಳುತ್ತದೆ. 480 ಅಂದರೆ ಮೂರರಲ್ಲಿ ಎರಡು ಪಾಲು, ಅದರ ವರ್ಗ 0.44, ಹಾಗಾಗಿ ಒತ್ತಡ 0.22 ಬಾರ್. 90ಕ್ಕೆ ಬಂದಾಗ ಎಂಟರಲ್ಲಿ ಒಂದು ಪಾಲು, ವರ್ಗ ಅರವತ್ತನಾಲ್ಕರಲ್ಲಿ ಒಂದು, ಒತ್ತಡ 8 ಮಿಲಿಬಾರ್. ಉಳಿದ ಒತ್ತಡವನ್ನೆಲ್ಲ ವಾಲ್ವೇ ತಿನ್ನಬೇಕು. ಹರಿವು ಕಡಿಮೆಯಾದಷ್ಟೂ ವಾಲ್ವಿನ ಮೇಲೆ ಬೀಳುವ ಒತ್ತಡ ಜಾಸ್ತಿ. ಮೂರೂ ಹರಿವಿಗೆ ಒಂದೇ ಒತ್ತಡ ಇಳಿತ ಬರೆದಿರುವ ಡೇಟಾ ಶೀಟ್ ಕಂಡರೆ ಅದನ್ನು ಯಾರೂ ಕೂತು ಲೆಕ್ಕ ಮಾಡಿಲ್ಲ ಅಂತಲೇ ಅರ್ಥ.

ಸಂಪೂರ್ಣ ಒತ್ತಡದಲ್ಲಿ ಹೇಳಿದರೆ ಹೊರಬಾಯಿಯ ಅಂಕಿಗಳು ಹೀಗೆ: 720ಕ್ಕೆ 1.41, 480ಕ್ಕೆ 1.13, 90ಕ್ಕೆ 0.918. ಒಳ ಒತ್ತಡ ಮೂರಕ್ಕೂ 2.41 ಅಂತಲೇ ಇಡುತ್ತೇನೆ. ಹರಿವು ಇಳಿದಾಗ ರೆಗ್ಯುಲೇಟರ್ ಒತ್ತಡ ಸ್ವಲ್ಪ ಏರುತ್ತದೆ, ಈ ಲೆಕ್ಕಕ್ಕೆ ಅದು ದೊಡ್ಡ ವಿಷಯವಲ್ಲ.

ಸೂತ್ರ

ಐಇಸಿ 60534-2-1 ಎಂಬ ಸ್ಟ್ಯಾಂಡರ್ಡ್‌ನಲ್ಲಿ ಇರುವ ಗ್ಯಾಸ್ ಸೂತ್ರವನ್ನು ನಮಗೆ ಬೇಕಾದ ಹಾಗೆ ತಿರುಗಿಸಿ ಬರೆದರೆ:

ಸಿವಿ = [ಹರಿವು ÷ (417 × ಪಿ1 × ವೈ)] × √(ಜಿ × ಟಿ × ಝಡ್ ÷ ಎಕ್ಸ್)

ಸಿವಿ ಅನ್ನುವುದು ವಾಲ್ವಿನ ಸಾಮರ್ಥ್ಯದ ಅಂಕಿ. 1 ಪಿಎಸ್‌ಐ ಒತ್ತಡ ಇಳಿತಕ್ಕೆ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ನೀರು ಹರಿಯುತ್ತದೆ ಅನ್ನುವ ಲೆಕ್ಕ. ಕ್ಯಾಟಲಾಗಿನಲ್ಲಿ ಕೆವಿ (ಇದರ ಮೆಟ್ರಿಕ್ ರೂಪ) ಇದ್ದರೆ 1.156ರಿಂದ ಗುಣಿಸಿ. ಹರಿವು ಗಂಟೆಗೆ ಎಸ್‌ಸಿಎಂನಲ್ಲಿ, ಪಿ1 ಒಳಬಾಯಿಯ ಸಂಪೂರ್ಣ ಒತ್ತಡ ಬಾರ್‌ನಲ್ಲಿ. ನಾರ್ಮಲ್ ಘನ ಮೀಟರ್ ಬಳಸಿದರೆ 417ರ ಜಾಗದಲ್ಲಿ 394 ಹಾಕಬೇಕು. ಜಿ ಅಂದರೆ ಗಾಳಿಗೆ ಹೋಲಿಸಿದ ಸಾಂದ್ರತೆ. ಪಿಎನ್‌ಜಿಗೆ 0.61 ಹಿಡಿದಿದ್ದೇನೆ, ನಿಮ್ಮ ಗ್ಯಾಸ್ ಕಂಪನಿಯ ರಿಪೋರ್ಟಿನಲ್ಲಿ ಇದು ಸಿಗುತ್ತದೆ. ಟಿ ಗ್ಯಾಸಿನ ತಾಪಮಾನ, ಕೆಲ್ವಿನ್‌ನಲ್ಲಿ, 30 ಡಿಗ್ರಿಗೆ 303. ಝಡ್ ಅಂದರೆ ಗ್ಯಾಸ್ ಆದರ್ಶ ಅನಿಲದ ನಿಯಮದಿಂದ ಎಷ್ಟು ಸರಿದಿದೆ ಅನ್ನುವ ತಿದ್ದುಪಡಿ, ಇಷ್ಟು ಕಡಿಮೆ ಒತ್ತಡದಲ್ಲಿ 1 ಅಂದರೆ ಸಾಕು.

ಎಕ್ಸ್ ಅಂದರೆ ಒತ್ತಡ ಇಳಿತವನ್ನು ಒಳ ಒತ್ತಡದಿಂದ ಭಾಗಿಸಿದ್ದು. ನೀರಿನ ಲೆಕ್ಕದಲ್ಲಿ ಇಲ್ಲದ ಇನ್ನೊಂದು ಸಂಗತಿ ಗ್ಯಾಸಿನಲ್ಲಿ ಇಲ್ಲಿಂದಲೇ ಶುರುವಾಗುತ್ತದೆ. ವಾಲ್ವಿನ ಕಿರಿದಾದ ಜಾಗದಲ್ಲಿ ನುಗ್ಗುವಾಗ ಗ್ಯಾಸ್ ಹಿಗ್ಗುತ್ತದೆ, ವೇಗ ಏರುತ್ತದೆ. ಒತ್ತಡ ಇಳಿತ ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ಅಲ್ಲಿನ ವೇಗ ಶಬ್ದದ ವೇಗ ಮುಟ್ಟುತ್ತದೆ. ಆಮೇಲೆ ಹೊರ ಒತ್ತಡ ಎಷ್ಟೇ ಇಳಿಸಿದರೂ ಹರಿವು ಏರುವುದಿಲ್ಲ. ಇದನ್ನೇ ಚೋಕ್ ಆಗುವುದು ಅನ್ನುತ್ತೇವೆ. ಯಾವ ಎಕ್ಸ್‌ನಲ್ಲಿ ಚೋಕ್ ಆಗುತ್ತದೆ ಅನ್ನುವುದು ವಾಲ್ವಿನ ಹೊಟ್ಟೆಯ ಆಕಾರದ ಮೇಲೆ ಹೋಗುತ್ತದೆ. ಕ್ಯಾಟಲಾಗಿನಲ್ಲಿ ಅದನ್ನು 'ಎಕ್ಸ್‌ಟಿ' ಅಂತ ಕೊಟ್ಟಿರುತ್ತಾರೆ. ಗ್ಲೋಬ್ ವಾಲ್ವಿಗೆ 0.7ರ ಸುತ್ತ, ನಾನು 0.72 ತಗೊಂಡಿದ್ದೇನೆ. ಅದು ಗಾಳಿಯ ಲೆಕ್ಕದ ಅಂಕಿ. ನಮ್ಮ ಗ್ಯಾಸಿನ ಗ್ಯಾಮಾ (ಎರಡು ಬಗೆಯ ವಿಶಿಷ್ಟ ಉಷ್ಣಗಳ ಅನುಪಾತ) 1.29, ಗಾಳಿಯದು 1.40, ಅನುಪಾತ 0.92. ಗುಣಿಸಿದರೆ ಚೋಕ್ ಮಿತಿ 0.663.

ವೈ ಅನ್ನುವುದು ಈ ಹಿಗ್ಗುವಿಕೆಯ ತಿದ್ದುಪಡಿ: ವೈ = 1 − ಎಕ್ಸ್ ÷ (3 × 0.663). ಅದು 0.667ಕ್ಕಿಂತ ಕೆಳಗೆ ಹೋಗುವುದಿಲ್ಲ. ಎಕ್ಸ್ ಕೂಡ 0.663 ದಾಟಿದರೆ ಸೂತ್ರದಲ್ಲಿ 0.663 ಅನ್ನೇ ಹಾಕಬೇಕು.

ಈಗ 720ರ ಲೆಕ್ಕ. ಎಕ್ಸ್ = 1.0 ÷ 2.41 = 0.415. ವೈ = 0.791. ಮೊದಲ ಭಾಗ 720 ÷ (417 × 2.41 × 0.791) = 0.906. ಎರಡನೇ ಭಾಗ √(0.61 × 303 ÷ 0.415) = 21.1. ಗುಣಿಸಿದರೆ ಸಿವಿ 19.1.

480ಕ್ಕೆ ಎಕ್ಸ್ 0.531, ವೈ 0.733, ಸಿವಿ 12.2. 90ಕ್ಕೆ ಎಕ್ಸ್ 0.619, ವೈ 0.689, ಸಿವಿ 2.25. ಕನಿಷ್ಠ ಹರಿವಿನಲ್ಲಿ ನಾವು ಚೋಕ್ ಮಿತಿಯ ಹತ್ತಿರವೇ ಇದ್ದೇವೆ, ದಾಟಿಲ್ಲ.

ಕ್ಯಾಟಲಾಗ್ ತೆಗೆಯಿರಿ

ನಮಗೆ ಬೇಕಾದ್ದು 2.25ರಿಂದ 19.1ರವರೆಗೆ ಆರಾಮಾಗಿ ಓಡಾಡುವ ವಾಲ್ವ್. ಒಂದೂವರೆ ಇಂಚಿನ, ಅಂದರೆ 40 ಎಂಎಂ ಗ್ಲೋಬ್ ವಾಲ್ವಿನ ಪೂರ್ತಿ ತೆರೆದ ಸಿವಿ 30ರ ಆಸುಪಾಸು ಇರುತ್ತದೆ. 80 ಎಂಎಂನದು 110ರ ಸುತ್ತ. ಕಂಪನಿಯಿಂದ ಕಂಪನಿಗೆ ಹೆಚ್ಚುಕಡಿಮೆ ಇರುತ್ತದೆ, ನೀವು ತರುವ ಮಾಡೆಲ್ಲಿನ ಪಟ್ಟಿಯನ್ನೇ ನೋಡಿ.

ಈಕ್ವಲ್ ಪರ್ಸೆಂಟೇಜ್ ಪ್ಲಗ್ (ತೆರೆಯುವ ಪ್ರತಿ ಸಮ ಹೆಜ್ಜೆಗೂ ಸಿವಿ ಒಂದೇ ಪರ್ಸೆಂಟ್ ಏರುವಂಥದ್ದು), 50ಕ್ಕೆ 1 ರೇಂಜ್ ಅಂತ ಇಟ್ಟುಕೊಂಡು ಎಷ್ಟು ತೆರೆದಿರುತ್ತದೆ ಅಂತ ನೋಡೋಣ. 40 ಎಂಎಂ ವಾಲ್ವ್ 720ಕ್ಕೆ 88%, 480ಕ್ಕೆ 77%, 90ಕ್ಕೆ 34% ತೆರೆದಿರುತ್ತದೆ. ಚೆನ್ನಾಗಿದೆ. 80 ಎಂಎಂ ಹಾಕಿದರೆ 720ಕ್ಕೆ 55%, 480ಕ್ಕೆ 44%. ಇಲ್ಲಿವರೆಗೆ ನೋಡಿ "ಸರ್, ಇದೂ ನಡೆಯುತ್ತಲ್ಲ, ಲೈನ್ ಸೈಜೇ ಹಾಕೋಣ್ವಾ? ರಿಡ್ಯೂಸರ್ ಖರ್ಚು ಉಳಿಯುತ್ತೆ" ಅಂತ ಹೊಸ ಹುಡುಗರು ಕೇಳುತ್ತಾರೆ. (ರಿಡ್ಯೂಸರ್ ಅಂದರೆ ದೊಡ್ಡ ಪೈಪಿಗೆ ಚಿಕ್ಕ ವಾಲ್ವ್ ಜೋಡಿಸುವ ತುಂಡು.) ಮೂರನೇ ಅಂಕಿ ನೋಡಿ ಅನ್ನುತ್ತೇನೆ. 90 ಎಸ್‌ಸಿಎಂಗೆ ಆ ವಾಲ್ವ್ 1% ಕೂಡ ತೆರೆಯುವುದಿಲ್ಲ, ಸೀಟಿನ ಮೇಲೇ ಕೂತಿರುತ್ತದೆ. ದಪ್ಪ ನಲ್ಲಿಯಲ್ಲಿ ಹನಿ ಹನಿ ನೀರು ಬಿಡಲು ಒದ್ದಾಡುವ ಹಾಗೆ. ವಾಲ್ವಿನ ಕಡ್ಡಿಯನ್ನು ಹೊಂದಿಸುವ ಪೊಸಿಷನರ್ ಸ್ವಲ್ಪ ಅಲುಗಿದರೂ ಗ್ಯಾಸ್ ದುಪ್ಪಟ್ಟಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ಲೋ ಫೈರ್‌ನಲ್ಲಿ, ಅಂದರೆ ಬರ್ನರ್‌ನ ಕನಿಷ್ಠ ಉರಿಯಲ್ಲಿ, ಜ್ವಾಲೆ ಆರಿ ಬಾಯ್ಲರ್ ಟ್ರಿಪ್ ಆಗುವುದು, ಮತ್ತೆ ಪರ್ಜ್, ಮತ್ತೆ ಸ್ಟಾರ್ಟ್. ಆಪರೇಟರ್ ಬರ್ನರನ್ನು ಬೈಯುತ್ತಾನೆ. ಬರ್ನರಿನವರು ಬಂದು ಫ್ಲೇಮ್ ಸ್ಕ್ಯಾನರ್ ಬದಲಾಯಿಸುತ್ತಾರೆ. ರೋಗ ಇರುವುದು ವಾಲ್ವಿನ ಸೈಜಿನಲ್ಲಿ.

ಗರಿಷ್ಠ ಹರಿವಿಗೆ 90% ಒಳಗೆ, ಕನಿಷ್ಠಕ್ಕೆ 10ರಿಂದ 20%ಗಿಂತ ಮೇಲೆ. ಇದು ನಾನು ಪಾಲಿಸುವ ಮಿತಿ. ಎರಡರಲ್ಲಿ ಒಂದನ್ನು ಸಡಿಲಿಸಬೇಕು ಅಂತ ಬಂದರೆ ಮೇಲಿನದನ್ನು ಸಡಿಲಿಸುತ್ತೇನೆ, ಕೆಳಗಿನದನ್ನು ಮುಟ್ಟುವುದಿಲ್ಲ. ಬಾಯ್ಲರ್ ಪೂರ್ತಿ ಲೋಡಿನಲ್ಲಿ ವರ್ಷಕ್ಕೆ ಎಷ್ಟು ಹೊತ್ತು ಓಡುತ್ತದೆ ಹೇಳಿ? ಲೋ ಫೈರ್‌ಗೆ ಪ್ರತಿ ಸ್ಟಾರ್ಟಿನಲ್ಲೂ ಬರಲೇಬೇಕು.

'ಮುಂದೆ ಬಾಯ್ಲರ್ ದೊಡ್ಡದು ಮಾಡಬಹುದು, ಈಗಲೇ 30% ಮಾರ್ಜಿನ್ ಹಾಕಿ' ಅನ್ನುವುದು ಇನ್ನೊಂದು ಚಾಳಿ. ಪ್ರಾಸೆಸ್‌ನವರು 20% ಸೇರಿಸಿ ಕೊಟ್ಟಿರುತ್ತಾರೆ, ಅದರ ಮೇಲೆ ಕನ್ಸಲ್ಟೆಂಟ್ 20%, ಆಮೇಲೆ ವಾಲ್ವ್ ಕಂಪನಿಯವರು ಮುಂದಿನ ಸೈಜ್. ನಿಜವಾಗಿ ವಿಸ್ತರಣೆ ಬರುವುದಿದ್ದರೆ ಬಾಡಿಯನ್ನು ದೊಡ್ಡದು ತಗೊಳ್ಳಿ, ಒಳಗಿನ ಟ್ರಿಮ್, ಅಂದರೆ ಪ್ಲಗ್ಗು-ಸೀಟು, ಚಿಕ್ಕದು ಹಾಕಿಸಿ. ಬೇಕಾದ ದಿನ ಟ್ರಿಮ್ ಒಂದನ್ನೇ ಬದಲಾಯಿಸಬಹುದು.

ರಿಡ್ಯೂಸರ್ ಮತ್ತು ವೇಗ

40 ಎಂಎಂ ವಾಲ್ವನ್ನು ಒಳಗೆ 80, ಹೊರಗೆ 100 ಎಂಎಂ ಪೈಪಿನ ಮಧ್ಯೆ ಕೂರಿಸಿದಾಗ ರಿಡ್ಯೂಸರ್‌ಗಳೂ ಸ್ವಲ್ಪ ಒತ್ತಡ ತಿನ್ನುತ್ತವೆ. ಸ್ಟ್ಯಾಂಡರ್ಡ್‌ನಲ್ಲಿ ಇದಕ್ಕೆ ಎಫ್‌ಪಿ ಅಂತ ಒಂದು ತಿದ್ದುಪಡಿ ಇದೆ. ಇಲ್ಲಿ ಅದು 0.97 ಬರುತ್ತದೆ. 19.1 ಹೋಗಿ 19.7 ಆಗುತ್ತದೆ, ತೆರೆಯುವುದು 88 ಹೋಗಿ 89%. ಇಂಥ ಕಡೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾಲ್, ಬಟರ್‌ಫ್ಲೈ ವಾಲ್ವ್‌ಗಳಲ್ಲಿ ಸೈಜಿಗೆ ಹೋಲಿಸಿದರೆ ಸಿವಿ ತುಂಬಾ ದೊಡ್ಡದು, ಅಲ್ಲಿ ಈ ತಿದ್ದುಪಡಿ ಬಿಟ್ಟರೆ ಕೈ ಸುಡುತ್ತದೆ.

ಹೊರಬಾಯಿಯ ವೇಗ ಮಾತ್ರ ನೋಡಲೇಬೇಕು. 720 ಎಸ್‌ಸಿಎಂ ಗ್ಯಾಸ್ 1.41 ಬಾರ್, 30 ಡಿಗ್ರಿಯಲ್ಲಿ 544 ಘನ ಮೀಟರ್ ಜಾಗ ಹಿಡಿಯುತ್ತದೆ. 40 ಎಂಎಂ ಬಾಯಲ್ಲಿ ಅದರ ವೇಗ ಸೆಕೆಂಡಿಗೆ 115 ಮೀಟರ್. ಈ ಗ್ಯಾಸಿನಲ್ಲಿ ಶಬ್ದದ ವೇಗ ಸುಮಾರು 428. ಅಂದರೆ 0.27 ಮ್ಯಾಕ್. 0.3ರ ಒಳಗೆ ಇರಲಿ ಅನ್ನುವುದು ಬಳಕೆಯಲ್ಲಿರುವ ಮಿತಿ, ಪಾಸಾಯಿತು. ವಾಲ್ವಿನಾಚೆ 80 ಎಂಎಂ ಪೈಪೇ ಇದ್ದರೆ ಅಲ್ಲಿ 32 ಮೀಟರ್ ವೇಗ, ಕಿರಿಕಿರಿ ಶಬ್ದ. 100 ಎಂಎಂ ಮಾಡಿದರೆ 18ಕ್ಕೆ ಇಳಿಯುತ್ತದೆ. ಅದಕ್ಕೇ ಹೊರಗಿನ ಪೈಪನ್ನು ಒಂದು ಸೈಜ್ ಏರಿಸಿದ್ದು.

ಒತ್ತಡ ಜಾಸ್ತಿ ಇರುವ ಕಡೆ ಆಟವೇ ಬೇರೆ

ಬಾಯ್ಲರ್ ಹೌಸಿನಲ್ಲಿ ಸಿವಿ ನೋಡಿದರೆ ಬಹುತೇಕ ಕೆಲಸ ಮುಗಿಯಿತು. ಸ್ಟೀಲ್ ಪೈಪ್‌ಲೈನಿನಿಂದ ನೇರ ಗ್ಯಾಸ್ ತೆಗೆದುಕೊಳ್ಳುವ ಒತ್ತಡ ಇಳಿಸುವ ಸ್ಟೇಷನ್‌ನಲ್ಲಿ ಹಾಗಲ್ಲ. ನಗರ ಗ್ಯಾಸ್ ಜಾಲದ ಸ್ಟೀಲ್ ಲೈನಿನ ಒತ್ತಡ 49 ಬಾರ್‌ವರೆಗೂ ಇರಬಹುದು. 40 ಬಾರ್ ಗೇಜ್‌ನಿಂದ 4 ಬಾರ್ ಗೇಜ್‌ಗೆ, ಗಂಟೆಗೆ 5,000 ಎಸ್‌ಸಿಎಂ, 25 ಡಿಗ್ರಿ, ಅಂತ ತಗೊಳ್ಳಿ. ಎಕ್ಸ್ 0.88. ಚೋಕ್ ಮಿತಿ ದಾಟಿ ಬಹಳ ಮುಂದಿದ್ದೇವೆ. ಹಾಗಾಗಿ ಎಕ್ಸ್ 0.663, ವೈ 0.667. ಈ ಒತ್ತಡದಲ್ಲಿ ಝಡ್ ಸುಮಾರು 0.92. ಸಿವಿ ಎಷ್ಟು ಬಂತು? 7. ಬಾಯ್ಲರ್‌ನ ಏಳು ಪಟ್ಟು ಗ್ಯಾಸ್, ಅದರ ಅರ್ಧಕ್ಕಿಂತ ಕಡಿಮೆ ಸಿವಿ. ಒಳ ಒತ್ತಡ ಜಾಸ್ತಿ ಇದ್ದರೆ ಸಣ್ಣ ತೂತಿನಲ್ಲೂ ಎಷ್ಟು ಗ್ಯಾಸ್ ನುಗ್ಗುತ್ತದೆ ನೋಡಿ.

ಸಿವಿ 7 ಅಂದರೆ ಒಂದು ಇಂಚಿನ ವಾಲ್ವ್ ಸಾಕು ಅನ್ನಿಸುತ್ತದೆ. ಈಗ ಹೊರಬಾಯಿಯ ವೇಗ ನೋಡಿ. 4 ಬಾರ್ ಗೇಜ್ ಒತ್ತಡಕ್ಕೆ ಇಳಿದು ಹಿಗ್ಗಿದ ಗ್ಯಾಸ್ ಒಂದು ಇಂಚಿನ ಬಾಯಲ್ಲಿ ಹೋಗಬೇಕಾದರೆ ಸೆಕೆಂಡಿಗೆ 500 ಮೀಟರ್ ವೇಗ ಬೇಕು. ಶಬ್ದದ ವೇಗ ಅಲ್ಲಿ 410ರ ಸುತ್ತ. ಅಂದರೆ ಅದು ಹೋಗುವುದೇ ಇಲ್ಲ, ವಾಲ್ವಿನ ಬಾಯಲ್ಲೇ ಇನ್ನೊಮ್ಮೆ ಚೋಕ್ ಆಗುತ್ತದೆ. ಎರಡು ಇಂಚಿನ ಬಾಡಿಯಲ್ಲಿ 129 ಮೀಟರ್, ಅದು 0.31 ಮ್ಯಾಕ್, ಗಡಿಯ ಮೇಲೆ. ಮೂರು ಇಂಚಿನಲ್ಲಿ 59. ನಾನಾದರೆ ಮೂರು ಇಂಚಿನ ಬಾಡಿ, ಚಿಕ್ಕ ಟ್ರಿಮ್ ಅಂತ ಬರೆಯುತ್ತೇನೆ. ಬಾಯ್ಲರ್ ಲೈನಿನಲ್ಲಿ ಪೈಪಿಗಿಂತ ಚಿಕ್ಕ ವಾಲ್ವ್ ಹಾಕಿ ಅಂದವನೇ ಇಲ್ಲಿ ಸಿವಿಗಿಂತ ದೊಡ್ಡ ಬಾಡಿ ಹಾಕಿ ಅನ್ನುತ್ತಿದ್ದೇನೆ. ಎರಡೂ ಕಡೆ ಲೆಕ್ಕ ಹೇಳಿದ್ದನ್ನೇ ಕೇಳುತ್ತಿದ್ದೇವೆ.

ಟ್ರಿಮ್ 7ಕ್ಕೆ ಅಂತ ಆರಿಸಬೇಡಿ. ಸ್ಟೀಲ್ ಲೈನಿನ ಒತ್ತಡ ದಿನವಿಡೀ 40ರಲ್ಲಿ ನಿಲ್ಲುವುದಿಲ್ಲ. ಅದು 19 ಬಾರ್‌ಗೆ ಇಳಿದ ಹೊತ್ತಲ್ಲೂ 5,000 ಕೊಡಬೇಕಾದರೆ ಸಿವಿ 14.6 ಬೇಕು, ಎರಡು ಪಟ್ಟಿಗೂ ಜಾಸ್ತಿ. ಗರಿಷ್ಠ ಹರಿವಿಗೆ ಕನಿಷ್ಠ ಒಳ ಒತ್ತಡ, ಕನಿಷ್ಠ ಹರಿವಿಗೆ ಗರಿಷ್ಠ ಒಳ ಒತ್ತಡ. ಈ ಎರಡು ತುದಿಗಳನ್ನು ಹಿಡಿದರೆ ನಡುವಿನದೆಲ್ಲ ತಾನಾಗಿ ಬರುತ್ತದೆ. ಇಲ್ಲಿ ಪೂರ್ತಿ ಸಿವಿ 24ರ ಟ್ರಿಮ್ ಸರಿಹೋಗುತ್ತದೆ: 14.6ಕ್ಕೆ 87%, 7ಕ್ಕೆ 69%.

ಇನ್ನೊಂದು ತೊಂದರೆ ಚಳಿ. ನೈಸರ್ಗಿಕ ಅನಿಲದ ಒತ್ತಡ ಇಳಿಸಿದರೆ ಅದು ತಣ್ಣಗಾಗುತ್ತದೆ, ಬಾರಿಗೆ ಸುಮಾರು ಅರ್ಧ ಡಿಗ್ರಿ. 36 ಬಾರ್ ಇಳಿಸಿದರೆ 18 ಡಿಗ್ರಿ. 25ರಲ್ಲಿ ಬಂದ ಗ್ಯಾಸ್ 7–8 ಡಿಗ್ರಿಯಲ್ಲಿ ಹೊರಬರುತ್ತದೆ. ಮಳೆಗಾಲದಲ್ಲಿ ವಾಲ್ವಿನಾಚೆಯ ಪೈಪಿನ ಹೊರಮೈಯಲ್ಲಿ ನೀರು ಜಿನುಗುವುದು ಇದಕ್ಕೇ. ಗ್ಯಾಸ್ ಒಣಗಿದ್ದರೆ ಭಯವಿಲ್ಲ. ತೇವ ಇದ್ದರೆ ನೀರು ಮತ್ತು ಮೀಥೇನ್ ಸೇರಿ ಹೈಡ್ರೇಟ್ ಅನ್ನುವ ಮಂಜಿನಂಥ ಗಟ್ಟಿ ವಸ್ತು ಆಗಿ ಪೈಲಟ್ ಲೈನುಗಳನ್ನು ಕಟ್ಟಿಬಿಡುತ್ತದೆ. ಒಳ ಒತ್ತಡ ಇನ್ನೂ ಜಾಸ್ತಿ ಇರುವ ಕಡೆ ವಾಲ್ವಿಗೆ ಮೊದಲು ಹೀಟರ್ ಇಡುವುದು ಅದಕ್ಕೇ.

ಶಬ್ದವೂ ಇದೆ. ಇಷ್ಟು ಇಳಿತಕ್ಕೆ ಸಾಮಾನ್ಯ ಟ್ರಿಮ್ ಹಾಕಿದರೆ 85 ಡೆಸಿಬಲ್ ದಾಟುವ ಸಾಧ್ಯತೆ ಹೆಚ್ಚು. ಶಬ್ದದ ಲೆಕ್ಕ ಕೈಯಲ್ಲಿ ಮಾಡುವಂಥದ್ದಲ್ಲ. ಐಇಸಿ 60534-8-3 ಪ್ರಕಾರ ಲೆಕ್ಕ ಮಾಡಿದ ಹಾಳೆಯನ್ನು ವಾಲ್ವ್ ಕಂಪನಿಯಿಂದಲೇ ಕೇಳಿ ತಗೊಳ್ಳಿ. ಸಣ್ಣ ಸಣ್ಣ ತೂತುಗಳ ಕೇಜ್ ಇರುವ ಟ್ರಿಮ್ ಕೊಡುತ್ತಾರೆ. ಅದರ ಎಕ್ಸ್‌ಟಿ ಬೇರೆ ಇರುತ್ತದೆ. ಆ ಅಂಕಿ ಹಾಕಿ ಸಿವಿ ಮತ್ತೊಮ್ಮೆ ಲೆಕ್ಕ ಮಾಡಿ.

ದೊಡ್ಡ ಟ್ರಿಮ್ ಹಾಕಿದರೆ ಬರುವ ಇನ್ನೊಂದು ಖರ್ಚನ್ನು ಯಾರೂ ಎಣಿಸುವುದಿಲ್ಲ. ವಾಲ್ವ್ ಕೆಟ್ಟು ಪೂರ್ತಿ ತೆರೆದುಕೊಂಡರೆ ಆಚೆ ಕಡೆ ಎಷ್ಟು ಗ್ಯಾಸ್ ನುಗ್ಗುತ್ತದೆ ಅನ್ನುವುದರ ಮೇಲೆ ಅಲ್ಲಿನ ಸೇಫ್ಟಿ ವಾಲ್ವಿನ ಸೈಜ್ ನಿಲ್ಲುತ್ತದೆ. ಸಿವಿ 24 ಪೂರ್ತಿ ತೆರೆದರೆ 40 ಬಾರ್‌ನಲ್ಲಿ ಗಂಟೆಗೆ 17,000 ಎಸ್‌ಸಿಎಂ. ಸುಮ್ನೆ ಇರಲಿ ಅಂತ 80ರ ಟ್ರಿಮ್ ಹಾಕಿದ್ದರೆ 57,000. ಒತ್ತಡ ಮಿತಿ ಮೀರಿದರೆ ತಾನೇ ಮುಚ್ಚುವ ಸ್ಲ್ಯಾಮ್ ಶಟ್ ವಾಲ್ವ್ ಇದ್ದರೂ ಈ ಅಂಕಿಯನ್ನು ಸೇಫ್ಟಿ ನೋಡುವವರಿಗೆ ಬರವಣಿಗೆಯಲ್ಲಿ ಕೊಡಿ. ಮುಂದೆ ಯಾರಾದರೂ ಟ್ರಿಮ್ ದೊಡ್ಡದು ಮಾಡಿದರೆ ಈ ಲೆಕ್ಕವನ್ನೂ ತಿರುಗಿ ಮಾಡಬೇಕು.

ಬಾಲ್ ವಾಲ್ವ್ ಅಗ್ಗ, ಆದರೆ

ಬಾಯ್ಲರ್ ಲೈನಿಗೆ ಕಂಟ್ರೋಲ್ ಬಾಲ್ ವಾಲ್ವ್ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು. ಕ್ಯಾಟಲಾಗಿನ ಸಿವಿ ನೋಡಿ ಮರುಳಾಗಬೇಡಿ ಅಷ್ಟೇ. ಬಾಲ್ ವಾಲ್ವಿನ ಎಕ್ಸ್‌ಟಿ ಕಡಿಮೆ. 0.25 ಅಂತ ಹಿಡಿದರೆ ನಮ್ಮ ಗ್ಯಾಸಿಗೆ ಚೋಕ್ ಮಿತಿ 0.23. ನಮ್ಮ ಎಕ್ಸ್ 0.415, ಆಗಲೇ ಚೋಕ್. ಅದೇ 720ಕ್ಕೆ ಈಗ 19.1ರ ಬದಲು 30.5 ಸಿವಿ ಬೇಕು. ಗ್ಲೋಬ್ ವಾಲ್ವಿಗೆ ಅಂತ ಲೆಕ್ಕ ಮಾಡಿದ ಸಿವಿಯನ್ನು ಹಾಗೇ ತಂದು ಬಾಲ್ ವಾಲ್ವ್ ಪಟ್ಟಿಯಲ್ಲಿ ಹುಡುಕಿದರೆ ಗ್ಯಾಸ್ ಸಾಲುವುದಿಲ್ಲ. ವಾಲ್ವಿನ ಬಗೆ ಬದಲಾದರೆ ಲೆಕ್ಕ ಮೊದಲಿಂದ.

ಆರ್ಡರ್ ಮಾಡುವ ಮೊದಲು

ಸೈಜ್ ಸರಿಯಿದ್ದೂ ಆರ್ಡರ್ ಕೆಡುವುದುಂಟು. ಡೇಟಾ ಶೀಟಿನಲ್ಲಿ ಮೂರೂ ಹರಿವಿಗೆ ಬೇರೆ ಬೇರೆ ಒಳ ಒತ್ತಡ, ಹೊರ ಒತ್ತಡ, ತಾಪಮಾನ ಬರೆಯಿರಿ, ಪಕ್ಕದಲ್ಲಿ ಗೇಜೋ ಸಂಪೂರ್ಣವೋ ಅಂತ ಬರೆಯಿರಿ. ಹರಿವಿನ ಪಕ್ಕದಲ್ಲಿ 15 ಡಿಗ್ರಿಯದೋ 0 ಡಿಗ್ರಿಯದೋ ಅಂತ ಬರೆಯಿರಿ. ವಾಲ್ವನ್ನು ತೆರೆದು ಮುಚ್ಚುವ ಆ್ಯಕ್ಚುವೇಟರ್ ಸೈಜಿಗೆ ಬೇಕಾದ ಒತ್ತಡ ಬೇರೆಯದು: ಆಚೆ ಕಡೆ ಖಾಲಿ ಇದ್ದು ವಾಲ್ವ್ ಮುಚ್ಚಿದಾಗ ಬರುವ ಪೂರ್ತಿ ಇಳಿತ. ಅದನ್ನು ಪ್ರತ್ಯೇಕ ಸಾಲಿನಲ್ಲಿ ಕೊಡಿ. ಆ್ಯಕ್ಚುವೇಟರಿಗೆ ಬರುವ ಗಾಳಿ ಹೋದರೆ ಸ್ಪ್ರಿಂಗ್ ವಾಲ್ವನ್ನು ಮುಚ್ಚಬೇಕು, ಬರ್ನರ್ ಲೈನಿನಲ್ಲಿ ಇದರಲ್ಲಿ ಚರ್ಚೆ ಇಲ್ಲ.

ಗಟ್ಟಿ ಸೀಟಿನ ಕಂಟ್ರೋಲ್ ವಾಲ್ವ್ ಮುಚ್ಚಿದರೂ ಸ್ವಲ್ಪ ಸೋರುತ್ತದೆ. ಕ್ಲಾಸ್ 4 ಅಂದರೆ ಪೂರ್ತಿ ಸಾಮರ್ಥ್ಯದ 0.01%ವರೆಗೆ ಸೋರಲು ಒಪ್ಪಿಗೆ ಇದೆ. ಗ್ಯಾಸ್ ನಿಲ್ಲಿಸುವ ಕೆಲಸಕ್ಕೆ ಎರಡು ಶಟ್‌ಆಫ್ ವಾಲ್ವ್, ನಡುವೆ ವೆಂಟ್ ಬೇರೆಯೇ ಇರಬೇಕು. ಮೆತ್ತನೆ ಸೀಟ್ ಹಾಕಿಸಿ ಆ ಎರಡನ್ನು ಉಳಿಸಬಹುದಲ್ವಾ ಅಂತ ಕೇಳುವವರಿಗೆ ನನ್ನ ಉತ್ತರ ಇಲ್ಲ ಅಂತಲೇ.

ವಾಲ್ವಿಗೆ ಮೊದಲು ಫಿಲ್ಟರ್ ಹಾಕಿ. ಹೊಸ ಪೈಪಿನಲ್ಲಿ ವೆಲ್ಡಿಂಗ್ ಚೂರು ಇದ್ದೇ ಇರುತ್ತದೆ, 40 ಎಂಎಂ ಪ್ಲಗ್ಗಿನ ಮೈ ಗೀರಲು ಒಂದೇ ಚೂರು ಸಾಕು. ಫ್ಲಶ್ ಮಾಡುವಾಗ ವಾಲ್ವ್ ಜಾಗಕ್ಕೆ ಸ್ಪೂಲ್, ಅಂದರೆ ಅಷ್ಟೇ ಉದ್ದದ ಪೈಪ್ ತುಂಡು, ಕೂರಿಸಿ.

ಕಮಿಷನಿಂಗ್ ದಿನ ಒಂದು ಹಾಳೆ ಇಟ್ಟುಕೊಳ್ಳಿ. ಲೋ ಫೈರ್, ಅರ್ಧ ಲೋಡ್, ಪೂರ್ತಿ ಲೋಡ್, ಮೂರರಲ್ಲೂ ಗ್ಯಾಸ್ ಮೀಟರ್ ರೀಡಿಂಗ್, ವಾಲ್ವಿನ ಎರಡೂ ಬದಿಯ ಗೇಜ್, ಕಡ್ಡಿಯ ಮೇಲಿನ ಪಾಯಿಂಟರ್ ಎಷ್ಟರಲ್ಲಿದೆ, ಬರೆದುಕೊಳ್ಳಿ. ಕಂಟ್ರೋಲ್ ರೂಮಿನ ಸ್ಕ್ರೀನ್ ತೋರಿಸುವ ಪರ್ಸೆಂಟ್ ನಂಬಬೇಡಿ, ಅದು ವಾಲ್ವಿಗೆ ಕಳಿಸಿದ ಸಿಗ್ನಲ್ ಮಾತ್ರ. ಲೆಕ್ಕದಲ್ಲಿ 89% ಬಂದದ್ದು ಅಲ್ಲಿ 85 ಅಥವಾ 92 ಇದ್ದರೆ ಸರಿಯಾಗಿದೆ. 60 ಇದ್ದರೆ ಯಾರೋ ಹರಿವಿಗೆ ಮಾರ್ಜಿನ್ ಸೇರಿಸಿದ್ದಾರೆ. 100ಕ್ಕೆ ಹೋಗಿಯೂ ಬಾಯ್ಲರ್ ಒತ್ತಡ ಏರದಿದ್ದರೆ ವಾಲ್ವನ್ನು ಬಿಚ್ಚುವ ಮೊದಲು ಒಳಬಾಯಿಯ ಗೇಜ್ ನೋಡಿ. ಎಷ್ಟೋ ಸಲ ಅಲ್ಲಿ 1.5ರ ಬದಲು 1.1 ಇರುತ್ತದೆ, ಹಿಂದೆ ಹೋಗಿ ನೋಡಿದರೆ ಮೀಟರ್ ಸ್ಕಿಡ್‌ನ ಫಿಲ್ಟರ್ ಕಟ್ಟಿಕೊಂಡಿರುತ್ತದೆ.